ಮೂರು ಇಲಾಖೆ, ಒಂದೇ ಮಂಗಳವಾರ: ನನ್ನ ಅನುಭವ

"ಆರೋಗ್ಯದವರು, ಅಂಗವಿಕಲರ ಇಲಾಖೆಯವರು, ಕಂದಾಯದವರು ಒಂದೇ ರೂಮಲ್ಲಿ ಕೂರ್ತಾರಾ? ಆಗೋ ಮಾತು ಹೇಳಪ್ಪ." ಮೀಟಿಂಗಿನಲ್ಲಿ ಹಿರಿಯರೊಬ್ಬರು ಹೀಗಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ನಮ್ಮ ತಾಲ್ಲೂಕಲ್ಲಿ ತಿಂಗಳಿಗೊಮ್ಮೆ ಅದೇ ನಡೆಯುತ್ತಿದೆ: ಮಾನಸಿಕ ಕಾಯಿಲೆ ಇರುವವರಿಗೆ ಚಿಕಿತ್ಸೆ, ಅಂಗವೈಕಲ್ಯದ ಸರ್ಟಿಫಿಕೇಟು, ಪಿಂಚಣಿ ಅರ್ಜಿ ಎಲ್ಲ ಒಂದೇ ಕಡೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಡಿಎಂಎಚ್‌ಪಿಯಲ್ಲಿ, ಅಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ, ಸೋಷಿಯಲ್ ವರ್ಕರ್. ಕಾಯ್ದೆಗಳೇನೋ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮರುವರ್ಷ ಮೇ ಕೊನೆಗೆ ಜಾರಿಯಾಯಿತು. ಅದರ 18ನೇ ಕಲಂ ಪ್ರಕಾರ ಚಿಕಿತ್ಸೆ ಹಕ್ಕು, ಸರ್ಕಾರಿ ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರೆ ಪುಕ್ಕಟೆ. ಕಾಗದದಲ್ಲಿ ಎಲ್ಲ ಸರಿ. ಆದರೆ ಸ್ಕಿಜೋಫ್ರೇನಿಯಾ ಇರುವ ಹುಡುಗನ ಅಮ್ಮ ಮಾತ್ರೆಗೆ ಒಂದು ಕಡೆ, ಸರ್ಟಿಫಿಕೇಟಿಗೆ ಜಿಲ್ಲಾಸ್ಪತ್ರೆ, ಪಿಂಚಣಿಗೆ ನಾಡಕಚೇರಿ ಅಂತ ಅಲೆಯುವುದು ತಪ್ಪಲಿಲ್ಲ. ಏಳೆಂಟು ಸಲ ಓಡಾಟ. ಬಸ್ ಚಾರ್ಜು, ಬಿಟ್ಟ ಕೂಲಿ ಸೇರಿಸಿದರೆ ಎರಡು ಸಾವಿರದ ಮೇಲೆ. ಆಗ ಸಿಗುತ್ತಿದ್ದ ಪಿಂಚಣಿ ತಿಂಗಳಿಗೆ 600, ಅಂಗವೈಕಲ್ಯ ಶೇಕಡಾ 75 ದಾಟಿದವರಿಗೆ 1400.

ನನ್ನ ಲೆಕ್ಕ ಇಷ್ಟೇ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ಮನೋರೋಗದ ಡಾಕ್ಟರು ಹೇಗೂ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಪಕ್ಕದ ಟೇಬಲ್ಲಿನಲ್ಲಿ ಎಂಆರ್‌ಡಬ್ಲ್ಯೂ (ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರು) ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ ಹಾಕಲಿ, ಅದರ ಪಕ್ಕ ಪಿಂಚಣಿ ಅರ್ಜಿ ಆಗಲಿ.

ಮೊದಲ ಸಲ ಮಣ್ಣು ಮುಕ್ಕಿದೆ. ಶಾಮಿಯಾನ, ಬ್ಯಾನರ್, ಊಟ ಅಂತ ಹದಿನಾಲ್ಕು ಸಾವಿರ ಹೋಯಿತು. ಅದರಲ್ಲಿ ನಾಲ್ಕು ಸಾವಿರ ನನ್ನ ಜೇಬಿನದು, ಇವತ್ತಿಗೂ ವಾಪಸ್ ಬಂದಿಲ್ಲ. ಎಪ್ಪತ್ತು ಜನ ಬಂದಿದ್ದರು. ಸರ್ವರ್ ಹನ್ನೊಂದಕ್ಕೇ ಮಲಗಿತು, ಡಾಕ್ಟರು ಹನ್ನೆರಡೂವರೆಗೆ ಬಂದರು. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಸಂಜೆಗೆ ಪೂರ್ತಿಯಾದದ್ದು ಆರೇ ಅರ್ಜಿ. "ಪಲಾವ್ ಚೆನ್ನಾಗಿತ್ತು ಸಾರ್" ಅಂದರು ಒಬ್ಬ ಆಶಾ. ಸಮಾಧಾನಕ್ಕೋ ತಮಾಷೆಗೋ, ಇನ್ನೂ ಗೊತ್ತಾಗಿಲ್ಲ.

ಆಮೇಲೆ ಶಾಮಿಯಾನ ಬಿಟ್ಟೆ. ದಿನಕ್ಕೆ ಹನ್ನೆರಡೇ ಜನ. ಒಂದು ವಾರ ಮೊದಲೇ ಆಶಾ ಮತ್ತು ವಿಆರ್‌ಡಬ್ಲ್ಯೂ (ಗ್ರಾಮದ ಪುನರ್ವಸತಿ ಕಾರ್ಯಕರ್ತರು) ಮನೆಗೆ ಹೋಗಿ ಕಾಗದ ನೋಡುತ್ತಾರೆ. ಹೆಸರು ತಾಳೆಯಾಗದಿದ್ದರೆ ಈ ತಿಂಗಳು ಕರೆಯುವುದೇ ಇಲ್ಲ. ಖರ್ಚು ಈಗ ಎಂಟುನೂರು, ಜಾಸ್ತಿ ಅಂದರೆ ಸಾವಿರ. ಜೆರಾಕ್ಸು, ಟೀ, ಬನ್ನು. ಕಂದಾಯದವರನ್ನು ಹೇಗೆ ಕೂರಿಸಿದೆ ಅಂತ ಎಲ್ಲರೂ ಕೇಳುತ್ತಾರೆ. ಅದೊಂದನ್ನು ಇಲ್ಲಿ ಬರೆಯಲ್ಲ. ಲಂಚ ಅಲ್ಲ, ಅಷ್ಟು ಹೇಳಬಲ್ಲೆ.

ನಾವು ನಿಜವಾಗಿ ಎಡವಿದ್ದು ಐಡಿಯಾಸ್ ಸ್ಕೋರಿನಲ್ಲಿ, ಅಂದರೆ ಮಾನಸಿಕ ಕಾಯಿಲೆಯಿಂದ ಎಷ್ಟು ಅಂಗವೈಕಲ್ಯ ಆಗಿದೆ ಅಂತ ಪ್ರಶ್ನೆ ಕೇಳಿ ಅಳೆಯುವುದರಲ್ಲಿ. ಕಾಯಿಲೆಗೆ ಎರಡು ವರ್ಷ ಆಗಿರಬೇಕು ಅನ್ನುವುದಕ್ಕೆ ಹಳೇ ಚೀಟಿ ಸಾಕು. ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾನಾ ಅನ್ನುವ ಪ್ರಶ್ನೆ ಬಂದಾಗ ಮಾತ್ರ ಅಮ್ಮಂದಿರು ಮಗನನ್ನು ಬಿಟ್ಟುಕೊಡುವುದಿಲ್ಲ. ಒಬ್ಬರು ಚೀಟಿಗಳನ್ನೆಲ್ಲ ಸೀರೆ ಅಂಗಡಿ ಕವರಿನಲ್ಲಿ ಮಡಿಚಿಟ್ಟುಕೊಂಡು ಬಂದಿದ್ದರು. "ಸ್ನಾನ ಮಾಡ್ತಾನಾ?" "ದಿನಾ ಮಾಡ್ತಾನೆ ಸಾರ್." "ಊಟ?" "ಚೆನ್ನಾಗಿ ಮಾಡ್ತಾನೆ." ಪಿಂಚಣಿಗೆ ಬೇಕಾದ ಶೇಕಡಾ 40ಕ್ಕೆ ಸ್ಕೋರು ಮುಟ್ಟಲೇ ಇಲ್ಲ. ನಾನು ತಡೆಯಲಾರದೆ, "ಅಮ್ಮ, ನೀವು ಊರಲ್ಲಿ ಇಲ್ಲದ ದಿನ?" ಅಂದೆ. ಆಕೆ ಕವರಿನ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು. "ನಾನು ಊರು ಬಿಟ್ಟು ಎಂಟು ವರ್ಷ ಆಯ್ತು ಸಾರ್. ತಂಗಿ ಮದುವೆಗೂ ಹೋಗಿಲ್ಲ." ಡಾಕ್ಟರು ಪೆನ್ನು ಕೆಳಗಿಟ್ಟು ಮೊದಲಿಂದ ಕೇಳಿದರು. ಅವತ್ತಿನಿಂದ ನಮ್ಮ ಮೊದಲ ಪ್ರಶ್ನೆಯೇ ಅದು.

ಇನ್ನೊಂದು ಪೆಟ್ಟು ತಿಂದದ್ದು ಪಿಂಚಣಿ ಬಂದ ಮೇಲೆ. ಮೊದಲ ಗುಂಪಿನಲ್ಲಿ ಮೂರರಲ್ಲೊಬ್ಬರು ಮಾತ್ರೆಗೆ ಬರುವುದನ್ನೇ ನಿಲ್ಲಿಸಿದರು. ಕಾರ್ಡು ಸಿಕ್ಕಿತಲ್ಲ, ಇನ್ನೇನು ಅಂತ. "ನೋಡು, ನಾವು ಹೇಳಿರಲಿಲ್ವಾ" ಅನ್ನುವವರಿಗೆ ಹಬ್ಬ. ಮೆಸೇಜು ಕಳಿಸಿ ನೋಡಿದೆ, ಯಾರೂ ಓದಲಿಲ್ಲ. ಮಾತ್ರೆ ಬದಲು ತಿಂಗಳಿಗೊಮ್ಮೆ ಫ್ಲೂಫೆನಜಿನ್ ಇಂಜೆಕ್ಷನ್ ನಡೆಯುತ್ತಿದ್ದವರಿಗೆ ತಾರೀಖು ಬಿಟ್ಟು ಅಮಾವಾಸ್ಯೆ ಲೆಕ್ಕ ಕೊಟ್ಟೆ. ಗೋಡೆ ಕ್ಯಾಲೆಂಡರಿನಲ್ಲಿ ಅದನ್ನು ಮನೆಯವರೆಲ್ಲ ನೋಡೇ ನೋಡುತ್ತಾರೆ, ಅಲ್ವಾ? ಅಮಾವಾಸ್ಯೆಗೆ ಕಾಯಿಲೆ ಕೆರಳುತ್ತದೆ ಅನ್ನುವ ನಂಬಿಕೆ ಬೇರೆ. ಅದನ್ನು ಒಪ್ಪಲೂ ಇಲ್ಲ, ವಾದಕ್ಕೂ ಹೋಗಲಿಲ್ಲ. ಆದರೆ ಆ ದಿನ ಮನೆಯಿಂದ ಹೊರಡಲು ಹಿಂದೇಟು ಹಾಕಿದರು. ಮಾರನೇ ದಿನಕ್ಕೆ ಬದಲಾಯಿಸಿದೆ. ಭಾನುವಾರ ಬಿದ್ದರೆ ಪಿಎಚ್‌ಸಿ ಸಿಸ್ಟರ್ ಬೈಯುತ್ತಾರೆ, ಆಗ ಸೋಮವಾರ. ಇಪ್ಪತ್ತೆರಡು ಜನರಲ್ಲಿ ಹದಿನೇಳೋ ಹದಿನೆಂಟೋ ಮಂದಿ ತಪ್ಪದೆ ಬರುತ್ತಿದ್ದಾರೆ. ಮಾತ್ರೆಯವರಿಗೆ ಈ ಉಪಾಯ ಅಷ್ಟಾಗಿ ಹತ್ತಲಿಲ್ಲ.

ಕೋವಿಡ್‌ನಲ್ಲಿ ಎಲ್ಲ ನಿಂತಿತ್ತು. ಆಶಾಗಳೇ ಮಾತ್ರೆಯನ್ನು ಮನೆಗೆ ಮುಟ್ಟಿಸಿದರು. ಆಮೇಲೆ ಮತ್ತೆ ಶುರು. ಇಲ್ಲಿಯವರೆಗೆ ಸುಮಾರು 140 ಸರ್ಟಿಫಿಕೇಟು, ಪಿಂಚಣಿ 110ರ ಹತ್ತಿರ. ಅರ್ಜಿ ತಿರಸ್ಕಾರವಾದವರಲ್ಲಿ ಬಹುಪಾಲು ಆದಾಯ ಪ್ರಮಾಣಪತ್ರದಲ್ಲಿ ಸಿಕ್ಕಿಬಿದ್ದವರು. ಅದಕ್ಕಿನ್ನೂ ದಾರಿ ಹುಡುಕುತ್ತಿದ್ದೇನೆ.

ಮುಂದಿನ ಮಂಗಳವಾರ ಉದ್ಯೋಗ ಖಾತ್ರಿಯವರನ್ನೂ ಕರೆದಿದ್ದೇನೆ. "ಅವರೆಲ್ಲಿ ಬರ್ತಾರೆ ಬಿಡಪ್ಪ" ಅಂದರು ಅದೇ ಹಿರಿಯರು. ಟೇಬಲ್ ಹೊಂದಿಸಿ ಆಗಿದೆ, ಕುರ್ಚಿ ಒಂದು ಕಮ್ಮಿ ಬಿದ್ದಿದೆ. ಲ್ಯಾಬಿನಿಂದ ತರಬೇಕು.