ಇನ್ಶೂರೆನ್ಸ್ ಏಜೆಂಟ್ ಆಗೋರಿಗೆ ಒಂದಿಷ್ಟು ಸಲಹೆ

ನಮ್ ದಾವಣಗೆರೆ ಕಡೆ ಸ್ವಂತವಾಗಿ ಇನ್ಶೂರೆನ್ಸ್ ಕೆಲ್ಸ ಶುರು ಮಾಡ್ಬೇಕು ಅಂತಿರೋರು ಮೊದ್ಲು ಒಂದು ತಿಳ್ಕೊಳ್ರಿ, ಕಂಪನಿ ಏಜೆಂಟ್ ಆದ್ರೆ ಲೈಫ್ ಇನ್ಶೂರೆನ್ಸ್‌ನಲ್ಲಿ ಒಂದೇ ಕಂಪನಿ ಪಾಲಿಸಿ ಮಾರ್ಬಹುದು, ಹತ್ತಾರು ಕಂಪನಿದು ಬೇಕಂದ್ರೆ ಬ್ರೋಕರ್ (ಹಲವು ಕಂಪನಿ ಪಾಲಿಸಿ ಮಾರೋ ಸಂಸ್ಥೆ) ಜೊತೆ ಪಿಒಎಸ್‌ಪಿ, ಅಂದ್ರೆ ಅವ್ರ ಪರವಾಗಿ ಪಾಲಿಸಿ ಮಾರೋ ಪಾಯಿಂಟ್ ಆಫ್ ಸೇಲ್ಸ್ ಪರ್ಸನ್, ಆಗೋದು ಒಂದು ದಾರಿ. ಪಿಒಎಸ್‌ಪಿ ಆಗೋಕೆ ಎಸ್ಸೆಸ್ಸೆಲ್ಸಿ ಪಾಸಾಗಿ 18 ತುಂಬಿದ್ರೆ ಸಾಕು, 15 ಗಂಟೆ ಟ್ರೈನಿಂಗು, ಆಮೇಲೆ ಒಂದು ಪರೀಕ್ಷೆ ಅಷ್ಟೆ.

ಶುರುಗೆ ಬೈಕ್ ಇನ್ಶೂರೆನ್ಸ್ ಹಿಡೀರಿ. ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ (ಗಾಡಿಯಿಂದ ಬೇರೆಯವ್ರಿಗೆ ಆಗೋ ನಷ್ಟದ) ಇನ್ಶೂರೆನ್ಸ್ ಶೋರೂಮಲ್ಲೇ ಆಗಿರುತ್ತೆ, ಅದು ಮುಗಿದ್ಮೇಲೆ ಎಷ್ಟೋ ಜನ ಮರ್ತೇ ಬಿಡ್ತಾರೆ, ಗ್ಯಾರೇಜ್‌ನೋರ ಪರಿಚಯ ಇಟ್ಕೊಂಡ್ರೆ ಅಂಥೋರು ಸಿಗ್ತಾರೆ.

ಇನ್ನು ರೈತರಿಗೆ ಲೈಫ್ ಪಾಲಿಸಿ ಮಾಡೋವಾಗ ದಯವಿಟ್ಟು ತಿಂಗಳ ಕಂತು ಹಾಕಿಸ್ಬೇಡ್ರಿ. ಮೆಕ್ಕೆಜೋಳದ ದುಡ್ಡಾಗ್ಲಿ ಚನ್ನಗಿರಿ ಕಡೆ ಅಡಿಕೆ ದುಡ್ಡಾಗ್ಲಿ ಕೈಗೆ ಬರೋದು ಮಾಲು ಮಾರಿದಾಗ ಮಾತ್ರ, ಆ ಟೈಮಿಗೆ ಡ್ಯೂ ಡೇಟ್ ಬರೋ ಹಾಗೆ ವರ್ಷದ ಕಂತು ಮಾಡಿಸಿದ್ರೆ ಕಂತು ತಪ್ಪಿ ಪಾಲಿಸಿ ಲ್ಯಾಪ್ಸ್ (ರದ್ದು) ಆಗೋ ಭಯ ಕಮ್ಮಿ, ಗ್ರೇಸ್ (ಡ್ಯೂ ಡೇಟ್ ದಾಟಿದ್ಮೇಲೂ ಕಟ್ಟೋಕೆ ಸಿಗೋ ಟೈಮ್) ಕೂಡ ತಿಂಗಳ ಕಂತಿಗೆ 15 ದಿನ, ವರ್ಷದ್ದಕ್ಕೆ 30 ದಿನ ಇರುತ್ತೆ.

ಶುಗರ್ ಬಿಪಿ ಇದ್ರೆ ಫಾರ್ಮಲ್ಲಿ ಬರೀಲೇಬೇಕು, ಮುಚ್ಚಿಟ್ರೆ ಕ್ಲೇಮ್ ಟೈಮಲ್ಲಿ ಆ ಮನೆಯವ್ರು ಒದ್ದಾಡ್ತಾರೆ, ಇದ್ರಲ್ಲಿ ಮಾತ್ರ ರಾಜಿ ಬೇಡ. ಗಿರಾಕಿಗೆ ನನ್ ಕಮಿಷನ್‌ನಲ್ಲಿ ಪಾಲು ಕೊಡ್ತೀನಿ ಅನ್ನೋದೂ ಬೇಡ, 1938ರ ವಿಮಾ ಕಾಯ್ದೆ ಸೆಕ್ಷನ್ 41ರ ಪ್ರಕಾರ ಅದು ತಪ್ಪು, 10 ಲಕ್ಷದವರೆಗೆ ದಂಡ ಇದೆ. ಪ್ರೀಮಿಯಂ ದುಡ್ಡು ನಿಮ್ ಫೋನ್‌ಪೇಗೆ ಹಾಕಿಸ್ಕೊಳ್ದೆ ನೇರ ಕಂಪನಿಗೇ ಕಟ್ಟಿಸ್ರಿ, ರಸೀದಿ ಅವ್ರ ಕೈಗೇ ಕೊಡ್ರಿ.