ಹಳೆಯ ಮನೆ ಕೊಳ್ಳುವಾಗ ಬೆಲೆಯ ಮಾತುಕತೆ ನಡೆಸುವ ಕ್ರಮ

ಮಾರುವವರು ಒಂದು ಕೋಟಿ ನಲವತ್ತು ಲಕ್ಷ ಎನ್ನುತ್ತಾರೆ, ಕೊಳ್ಳುವವರು ಯಾವ ಆಧಾರವೂ ಇಲ್ಲದೆ ಒಂದು ಕೋಟಿ ಇಪ್ಪತ್ತಕ್ಕೆ ಕೇಳುತ್ತಾರೆ, ಬ್ರೋಕರ್ ನಡುವೆ ಬಂದು ಒಂದು ಮೂವತ್ತಕ್ಕೆ ಮುಗಿಸುತ್ತಾರೆ. ನಮ್ಮಲ್ಲಿ ಬಹಳಷ್ಟು ಮನೆ ವ್ಯಾಪಾರಗಳು ಹೀಗೆಯೇ ನಡೆಯುತ್ತವೆ. ಈ ರೀತಿಯ ಚೌಕಾಸಿಯಲ್ಲಿ ಲಾಭವಾಗುವುದು ಮೊದಲ ಬೆಲೆಯನ್ನು ಏರಿಸಿ ಹೇಳಿದವರಿಗೆ, ಏಕೆಂದರೆ ಮುಂದಿನ ಮಾತೆಲ್ಲ ಅವರು ಹೇಳಿದ ಅಂಕಿಯ ಸುತ್ತಲೇ ತಿರುಗುತ್ತದೆ. ಆದ್ದರಿಂದ ಮಾತಿಗೆ ಕೂರುವ ಮೊದಲೇ ಆ ಮನೆ ಎಷ್ಟು ಬೆಲೆ ಬಾಳುತ್ತದೆ ಎಂಬ ನಿಮ್ಮದೇ ಲೆಕ್ಕ ಕಾಗದದ ಮೇಲೆ ಇರಬೇಕು. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಹಳೆಯ ಸ್ವತಂತ್ರ ಮನೆಯೊಂದನ್ನು ಕೊಳ್ಳಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಬೆಲೆಯನ್ನು ಬಿಡಿಸಿ ನೋಡುವುದು

ಸ್ವತಂತ್ರ ಮನೆಯ ಬೆಲೆಯಲ್ಲಿ ನಿವೇಶನದ ಪಾಲು ಬೇರೆ, ಕಟ್ಟಡದ ಪಾಲು ಬೇರೆ. ನಿವೇಶನದ ಬೆಲೆ ಏರುತ್ತಾ ಹೋಗಬಹುದು. ಕಟ್ಟಡದ ಬೆಲೆ ಮಾತ್ರ ವರ್ಷ ಕಳೆದಂತೆ ಇಳಿಯುತ್ತದೆ. ಮಾಲೀಕರು ಎರಡನ್ನೂ ಕೂಡಿಸಿ ಒಂದೇ ಮೊತ್ತ ಹೇಳುವುದರಿಂದ ಹದಿನೈದು ವರ್ಷ ಹಳೆಯ ಗೋಡೆಗಳಿಗೂ ಹೊಸ ಗೋಡೆಯ ದರವೇ ಸೇರಿಹೋಗಿರುವುದು ಸಾಮಾನ್ಯ.

ಲೆಕ್ಕದ ಬಗೆ ತಿಳಿಯಲೆಂದು ಒಂದು ಉದಾಹರಣೆ ಹಾಕಿಕೊಳ್ಳೋಣ. 30x40 ನಿವೇಶನವೆಂದರೆ 1,200 ಚದರ ಅಡಿ. ಆ ಬೀದಿಯಲ್ಲಿ ಖಾಲಿ ನಿವೇಶನ ಚದರ ಅಡಿಗೆ 8,000 ರೂಪಾಯಿಗೆ ಮಾರಾಟವಾಗುತ್ತಿದ್ದರೆ ನೆಲದ ಬೆಲೆ 96 ಲಕ್ಷ. ಅದರ ಮೇಲೆ ಹದಿನೆಂಟು ಚದರದ, ಅಂದರೆ 1,800 ಚದರ ಅಡಿಯ ಕಟ್ಟಡವಿದೆ. ಇಂದು ಹೊಸದಾಗಿ ಕಟ್ಟಲು ಅಡಿಗೆ 2,200 ರೂಪಾಯಿಯಂತೆ 39.6 ಲಕ್ಷ ಬೇಕು ಎಂದುಕೊಳ್ಳಿ. ಕಟ್ಟಡದ ಬಾಳಿಕೆ 60 ವರ್ಷ ಎಂದು ಹಿಡಿದರೆ ಹದಿನೈದು ವರ್ಷಕ್ಕೆ ಕಾಲು ಭಾಗ ಕಳೆದಿದೆ, ಉಳಿಯುವುದು 29.7 ಲಕ್ಷ. ಎರಡೂ ಸೇರಿ 1 ಕೋಟಿ 25 ಲಕ್ಷದ 70 ಸಾವಿರ. ಮೊದಲು ಹೇಳಿದ ಒಂದು ಕೋಟಿ ನಲವತ್ತು ಲಕ್ಷಕ್ಕೂ ಈ ಅಂಕಿಗೂ ಇರುವ ಹದಿನಾಲ್ಕು ಲಕ್ಷ ಚಿಲ್ಲರೆಯ ಅಂತರಕ್ಕೆ ಕಾರಣ ಕೊಡಬೇಕಾದವರು ಮಾಲೀಕರು.

ಈ ಲೆಕ್ಕ ನಿಲ್ಲುವುದು ಆ ಬೀದಿಯ ನಿಜವಾದ ನೆಲದ ದರದ ಮೇಲೆ. ಜಾಲತಾಣಗಳಲ್ಲಿ ಕಾಣುವುದು ಮಾರುವವರು ಬಯಸುವ ಬೆಲೆಯೇ ಹೊರತು ಕೈಬದಲಾದ ಬೆಲೆಯಲ್ಲ. ಅದೇ ಬಡಾವಣೆಯಲ್ಲಿ ಇತ್ತೀಚೆಗೆ ಕೊಂಡವರನ್ನು, ಈ ವ್ಯಾಪಾರದಲ್ಲಿ ಪಾಲಿಲ್ಲದ ಬೇರೆ ಬ್ರೋಕರ್‌ಗಳನ್ನು, ಮನೆ ಕಟ್ಟಿಸುತ್ತಿರುವ ಮೇಸ್ತ್ರಿಗಳನ್ನು ವಿಚಾರಿಸಬೇಕು. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಸೇವೆಯಲ್ಲಿ ಪಡೆಯುವ, ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿಯಾದ ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ಹಿಂದಿನ ಕ್ರಯದ ಮೊತ್ತವೂ ಇರುತ್ತದೆ. ಆದರೆ ಕ್ರಯಪತ್ರದಲ್ಲಿ ನಿಜಬೆಲೆಗಿಂತ ಕಡಿಮೆ ತೋರಿಸುವ ಕೆಟ್ಟ ರೂಢಿ ಇನ್ನೂ ಹೋಗಿಲ್ಲವಾದ್ದರಿಂದ ಅದನ್ನು ಒಂದು ಸುಳಿವೆಂದಷ್ಟೇ ತೆಗೆದುಕೊಳ್ಳಬೇಕು.

ಸರ್ಕಾರದ ಮಾರ್ಗಸೂಚಿ ದರವನ್ನು ಹಿಡಿದು ವಾದಿಸುವವರಿದ್ದಾರೆ. ಅದು ಮುದ್ರಾಂಕ ಶುಲ್ಕ ವಸೂಲಿಗೆಂದು ನಿಗದಿಯಾದ ಕನಿಷ್ಠ ದರ. ಮಾರುಕಟ್ಟೆ ಬೆಲೆ ಸಾಮಾನ್ಯವಾಗಿ ಅದಕ್ಕಿಂತ ಮೇಲಿರುವುದರಿಂದ ಅನುಭವಸ್ಥ ಮಾಲೀಕರು ಆ ವಾದವನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಒಂದು ವೇಳೆ ಒಪ್ಪಂದದ ಬೆಲೆ ಅದಕ್ಕಿಂತ ಕೆಳಗೆ ಇಳಿದರೂ ಶುಲ್ಕವನ್ನು ಮಾರ್ಗಸೂಚಿ ದರದ ಮೇಲೆಯೇ ಕಟ್ಟಬೇಕು. ಅಂತರವು ಕೊಟ್ಟ ಬೆಲೆಯ ಶೇ. 10ನ್ನು ಮೀರಿದರೆ ಅದು ಕೊಂಡವರ ಆದಾಯವೆಂದು ತೆರಿಗೆಗೂ ಒಳಪಡುತ್ತದೆ.

ಕೈಯಿಂದ ಹೋಗುವ ಒಟ್ಟು ಹಣ

ನಗರಗಳಲ್ಲಿ ಇಂಥ ಮನೆಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಒಂದೂಕಾಲು ಕೋಟಿಯ ಮನೆಗೆ ಈ ಶೇ. 7.6 ಎಂದರೆ 9.5 ಲಕ್ಷ ರೂಪಾಯಿ. ಬ್ರೋಕರ್ ಕಮಿಷನ್, ವಕೀಲರ ಶುಲ್ಕ, ಸುಣ್ಣಬಣ್ಣ ಇವೆಲ್ಲ ಅದರ ಮೇಲೆ. ಸಾಲ ಪಡೆಯುವವರು ಇನ್ನೊಂದನ್ನೂ ಗಮನಿಸಬೇಕು. 75 ಲಕ್ಷಕ್ಕಿಂತ ಹೆಚ್ಚಿನ ಗೃಹಸಾಲಕ್ಕೆ ಬ್ಯಾಂಕು ಕೊಡಬಹುದಾದ ಗರಿಷ್ಠ ಪ್ರಮಾಣ ಆಸ್ತಿಯ ಮೌಲ್ಯದ ಶೇ. 75 ಎಂಬುದು ರಿಸರ್ವ್ ಬ್ಯಾಂಕಿನ ನಿಯಮ, ಮತ್ತು ಆ ಮೌಲ್ಯವನ್ನು ನಿರ್ಧರಿಸುವುದು ಬ್ಯಾಂಕಿನ ಮೌಲ್ಯಮಾಪಕರು. ನೀವು 1.25 ಕೋಟಿಗೆ ಒಪ್ಪಿ, ಅವರು 1.15 ಕೋಟಿ ಎಂದು ಬರೆದರೆ, 93.75 ಲಕ್ಷ ಸಿಗುತ್ತದೆ ಎಂದುಕೊಂಡಿದ್ದ ಸಾಲ 86.25 ಲಕ್ಷಕ್ಕೆ ಇಳಿಯುತ್ತದೆ. ಏಳೂವರೆ ಲಕ್ಷವನ್ನು ನೀವೇ ಹೊಂದಿಸಬೇಕಾಗುತ್ತದೆ. ಹಾಗಾಗಿ ಬ್ಯಾಂಕಿನ ಮೌಲ್ಯಮಾಪನ ಕೈಸೇರುವವರೆಗೆ ಕೊನೆಯ ಮಾತು ಕೊಡದಿರುವುದು ಕ್ಷೇಮ. ಆ ವರದಿಯ ಅಂಕಿ ಕಡಿಮೆ ಬಂದರೆ ಮಾತುಕತೆಯಲ್ಲಿ ಅದಕ್ಕಿಂತ ಬಲವಾದ ಆಧಾರ ಬೇರೆ ಬೇಕಿಲ್ಲ.

ಇವೆಲ್ಲವನ್ನೂ ಸೇರಿಸಿ ನೋಡಿದ ಮೇಲೆ ನೀವು ಕೊಡಬಲ್ಲ ಗರಿಷ್ಠ ಬೆಲೆಯನ್ನು ಬರೆದಿಡಿ. ಮನೆಯವರೆಲ್ಲರೂ ಅದನ್ನು ಒಪ್ಪಿರಲಿ, ಯಾರೂ ಬ್ರೋಕರ್‌ಗೆ ಹೇಳದಿರಲಿ.

ಬೆಲೆ ಇಳಿಸುವ ದೋಷ, ಇಳಿಸಬಾರದ ದೋಷ

ಮನೆ ನೋಡಲು ಎರಡನೆಯ ಬಾರಿ ಹೋಗುವಾಗ ಒಬ್ಬ ಎಂಜಿನಿಯರ್ ಅಥವಾ ನಂಬಿಕೆಯ ಮೇಸ್ತ್ರಿಯನ್ನು ಕರೆದೊಯ್ಯಿರಿ. ಸಾಧ್ಯವಾದರೆ ಮಳೆ ಬಿದ್ದ ಮರುದಿನ ಹೋಗಿ. ಸ್ನಾನದ ಮನೆಯ ಹಿಂಬದಿಯ ಗೋಡೆಯಲ್ಲಿ ನೆಲದಿಂದ ಒಂದೆರಡು ಅಡಿ ಎತ್ತರದವರೆಗೆ ಬಣ್ಣ ಉಬ್ಬಿ, ಕೈಯಿಟ್ಟರೆ ಬಿಳಿ ಪುಡಿ ಉದುರಿದರೆ ಒಳಗಿನ ಪೈಪು ಅಥವಾ ನೆಲಹಾಸಿನ ಸಂದು ಬಹುಕಾಲದಿಂದ ಸೋರುತ್ತಿದೆ ಎಂದರ್ಥ. ತಾರಸಿಯ ನೀರಿನ ಟ್ಯಾಂಕಿನ ಕೆಳಗಿನ ಛಾವಣಿಯನ್ನು ಒಳಗಿನಿಂದ ನೋಡಿ. ಆ ಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಿ. ಸಂಪಿನ ಮುಚ್ಚಳ ತೆಗೆಸಿ, ಕಾವೇರಿ ನೀರು ಯಾವ ದಿನ ಬರುತ್ತದೆ, ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸುತ್ತಾರೆ ಎಂಬುದನ್ನು ಪಕ್ಕದ ಮನೆಯವರಿಂದ ತಿಳಿಯಿರಿ. ಕಂಡ ಪ್ರತಿಯೊಂದು ದುರಸ್ತಿಗೂ ಮೇಸ್ತ್ರಿಯಿಂದ ಅಂದಾಜು ಬರೆಸಿಕೊಳ್ಳಿ. ‘ಮನೆ ಹಳೆಯದು’ ಎಂಬ ಮಾತಿಗೆ ಮಾಲೀಕರು ನೊಂದುಕೊಳ್ಳುತ್ತಾರೆ, ಬೆಲೆ ಇಳಿಸುವುದಿಲ್ಲ. ‘ತಾರಸಿಯ ವಾಟರ್‌ಪ್ರೂಫಿಂಗ್, ಎರಡು ಬಚ್ಚಲಿನ ಪೈಪು, ವೈರಿಂಗ್ ಸೇರಿ ಮೂರು ಲಕ್ಷದ ಕೆಲಸವಿದೆ, ಪಟ್ಟಿ ಇಲ್ಲಿದೆ’ ಎಂದರೆ ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರಿಸಬೇಕಾಗುತ್ತದೆ.

ದಕ್ಷಿಣ ದಿಕ್ಕಿನ ಬಾಗಿಲು ಅಥವಾ ಬೀದಿ ನೇರವಾಗಿ ಬಂದು ತಗಲುವ ನಿವೇಶನವನ್ನು ಬಹಳ ಜನ ಬೇಡವೆನ್ನುತ್ತಾರೆ. ವಾಸ್ತುವನ್ನು ನೀವು ನಂಬದಿದ್ದರೂ, ಮುಂದೆ ನೀವು ಮಾರುವಾಗ ಕೊಳ್ಳುವವರ ಸಂಖ್ಯೆ ಕಡಿಮೆ ಇರುತ್ತದೆ ಎಂಬ ಕಾರಣಕ್ಕೆ ಅದರ ಲೆಕ್ಕವನ್ನು ಈಗಲೇ ಬೆಲೆಯಲ್ಲಿ ಹಿಡಿಯುವುದು ನ್ಯಾಯ.

ಕಾಗದಪತ್ರಗಳ ದೋಷದ ವಿಷಯ ಹಾಗಲ್ಲ, ಇದನ್ನು ಒತ್ತಿ ಹೇಳಬೇಕಾಗಿದೆ. ಪಿತ್ರಾರ್ಜಿತ ಆಸ್ತಿಗೆ ಒಬ್ಬ ಅಕ್ಕನ ಸಹಿ ಬಾಕಿ ಇದೆ, ಕೋರ್ಟಿನಲ್ಲಿ ವಿಭಾಗದ ದಾವೆ ಇದೆ, ಮೂಲಪತ್ರ ಕಳೆದುಹೋಗಿದೆ ಎಂಬ ಕಾರಣಕ್ಕೆ ಹತ್ತು ಲಕ್ಷ ಕಡಿಮೆಗೆ ಸಿಕ್ಕಿತೆಂದು ಸಂತೋಷಪಟ್ಟವರು ಆಮೇಲೆ ವರ್ಷಗಟ್ಟಲೆ ವಕೀಲರ ಮನೆಗೆ ಅಲೆಯಬೇಕಾದೀತು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಉಂಟೆಂಬುದನ್ನು 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪು ಸ್ಪಷ್ಟಪಡಿಸಿವೆ. ಇಂಥ ದೋಷಗಳಿಗೆ ರಿಯಾಯಿತಿ ಕೇಳಬೇಡಿ. ಸರಿಪಡಿಸಿಕೊಂಡು ಬನ್ನಿ ಎಂದು ಹೇಳಿ, ಇಲ್ಲವೇ ಬಿಟ್ಟುಬಿಡಿ. ಬಿ ಖಾತಾ, ಅಂದರೆ ನಿಯಮದಂತೆ ಅನುಮೋದನೆ ಇಲ್ಲದ ಆಸ್ತಿಗಳ ಪಟ್ಟಿಯಲ್ಲಿರುವ, ಆಸ್ತಿಗೆ ಸಾಲ ಕೊಡಲು ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಸ್ಥಳೀಯ ಸಂಸ್ಥೆ ಕೊಡುವ ಡಿಜಿಟಲ್ ಆಸ್ತಿ ದಾಖಲೆಯಾದ ಇ-ಖಾತಾ ಇಲ್ಲದೆ ನೋಂದಣಿಯೇ ಆಗದಿರುವ ಕಾರಣ ಅದನ್ನು ಮೊದಲ ಭೇಟಿಯಲ್ಲೇ ಕೇಳಿ ನೋಡಬೇಕು.

ಮಾತಿಗೆ ಕೂತಾಗ

ತೀರ್ಮಾನ ಮಾಡುವ ಅಧಿಕಾರ ಇರುವವರು ಎದುರಿಗಿರಬೇಕು. ತಂದೆಯ ಹೆಸರಿನ ಮನೆಯನ್ನು ಮಗ ಮಾತಾಡಿ ಒಪ್ಪಿಸಿ, ಆಮೇಲೆ ‘ಅಪ್ಪ ಒಪ್ಪುತ್ತಿಲ್ಲ, ಇನ್ನೆರಡು ಸೇರಿಸಿ’ ಎನ್ನುವುದು ಹೊಸದೇನಲ್ಲ. ಮಾರುವ ಕಾರಣವನ್ನೂ ಗೌರವದಿಂದ ತಿಳಿದುಕೊಳ್ಳಿ. ಮಗಳ ಮದುವೆಗೆ ಹಣ ಬೇಕಾದವರಿಗೆ ಬೇಗ ಹಣ ಸಿಗುವುದು ಮುಖ್ಯ; ಹೊಸ ಮನೆ ಸಿದ್ಧವಾಗಲು ಕಾಯುತ್ತಿರುವವರಿಗೆ ನೋಂದಣಿಯ ನಂತರವೂ ಕೆಲವು ತಿಂಗಳು ಇರಲು ಅವಕಾಶ ಸಿಗುವುದು ಮುಖ್ಯ. ಇಂಥ ಅನುಕೂಲ ಮಾಡಿಕೊಟ್ಟು ಅದರ ಬದಲಿಗೆ ಬೆಲೆ ಕೇಳುವುದು ಬರಿಯ ಚೌಕಾಸಿಗಿಂತ ಹೆಚ್ಚು ಫಲ ಕೊಡುತ್ತದೆ.

ಮೊದಲ ಬೆಲೆಯನ್ನು ಕಾರಣದ ಜೊತೆಗೇ ಹೇಳಬೇಕು: ‘ಸರ್, ಮನೆ ನಮಗೆ ಒಪ್ಪಿಗೆಯಾಗಿದೆ. ನಿಮ್ಮ ಬೀದಿಯ ನೆಲದ ದರ, ಕಟ್ಟಡದ ವಯಸ್ಸು, ಮೂರು ಲಕ್ಷದ ದುರಸ್ತಿ ಎಲ್ಲ ನೋಡಿ ಒಂದು ಕೋಟಿ ಹದಿನಾರು ಲಕ್ಷ ಕೊಡಬಲ್ಲೆವು. ಸಾಲಕ್ಕೆ ಬ್ಯಾಂಕಿನ ತಾತ್ವಿಕ ಮಂಜೂರಾತಿ ಇದೆ, ನಲವತ್ತೈದು ದಿನದಲ್ಲಿ ನೋಂದಣಿ ಮಾಡಿಸುತ್ತೇವೆ.’ ಹೀಗೆ ಹೇಳಿದ ಮೇಲೆ ಸುಮ್ಮನಿರಿ. ಉತ್ತರ ಬರುವ ಮೊದಲೇ ನೀವಾಗಿ ಬೆಲೆ ಏರಿಸಬೇಡಿ. ಏರಿಸಬೇಕಾಗಿ ಬಂದಾಗ ನಾಲ್ಕು ಲಕ್ಷ, ಆಮೇಲೆ ಎರಡು, ಆಮೇಲೆ ಒಂದು ಎಂದು ಹೆಜ್ಜೆ ಚಿಕ್ಕದಾಗುತ್ತಾ ಹೋಗಲಿ. ಪ್ರತಿ ಸಲವೂ ಮಾಡ್ಯುಲರ್ ಅಡುಗೆಮನೆ, ಸೋಲಾರ್ ಹೀಟರ್, ಯುಪಿಎಸ್ ಬಿಟ್ಟುಕೊಡುವುದು ಇತ್ಯಾದಿ ಏನಾದರೊಂದನ್ನು ಪ್ರತಿಯಾಗಿ ಕೇಳಿ. ‘ಇನ್ನೊಂದು ಪಾರ್ಟಿ ನಾಳೆಯೇ ಟೋಕನ್ ಕೊಡುತ್ತಾರೆ’ ಎಂಬ ಒತ್ತಡ ಬಂದರೆ ನೀವು ಬರೆದಿಟ್ಟ ಗರಿಷ್ಠ ಅಂಕಿಯನ್ನು ನೆನಪಿಸಿಕೊಳ್ಳಿ, ಅದನ್ನು ದಾಟಬೇಡಿ. ಆಷಾಢದಲ್ಲಿ ಮನೆ ನೋಡಲು ಬರುವವರು ಕಡಿಮೆ. ಆ ತಿಂಗಳು ಮಾತು ಮುಗಿಸಿ ಶ್ರಾವಣದಲ್ಲಿ ನೋಂದಣಿ ಇಟ್ಟುಕೊಳ್ಳುವುದು ಇಬ್ಬರಿಗೂ ಒಪ್ಪುವ ದಾರಿ.

ಒಪ್ಪಿದ ಬೆಲೆಯಲ್ಲಿ ಒಂದು ಭಾಗವನ್ನು ನಗದಾಗಿ ಕೊಟ್ಟರೆ ಇನ್ನೂ ಇಳಿಸುತ್ತೇನೆ ಎಂದರೆ ಬೇಡವೆನ್ನಿ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ. ಅಲ್ಲದೆ ಕ್ರಯಪತ್ರದಲ್ಲಿ ಬೆಲೆ ಕಡಿಮೆಯಾದಷ್ಟೂ ನಾಳೆ ನೀವು ಮಾರುವಾಗ ಕಟ್ಟಬೇಕಾದ ತೆರಿಗೆ ಹೆಚ್ಚುತ್ತದೆ.

ಟೋಕನ್ ಅಡ್ವಾನ್ಸನ್ನು ಚಿಕ್ಕ ಮೊತ್ತದಲ್ಲಿ ಬ್ಯಾಂಕ್ ಮೂಲಕವೇ ಕೊಟ್ಟು, ವಕೀಲರ ಪರಿಶೀಲನೆಯಲ್ಲಿ ಹಕ್ಕು ಸರಿಯಿಲ್ಲವೆಂದು ಕಂಡರೆ ಅಥವಾ ಸಾಲ ಮಂಜೂರಾಗದಿದ್ದರೆ ಇಂತಿಷ್ಟು ದಿನದಲ್ಲಿ ಪೂರ್ತಿ ಮರಳಿಸಬೇಕೆಂದು ರಸೀತಿಯಲ್ಲೇ ಬರೆಸಿ. ಮಾಲೀಕರ ಹಳೆಯ ಸಾಲ ತೀರಿಸುವುದು, ಬಾಡಿಗೆದಾರರನ್ನು ಬಿಡಿಸುವುದು, ಆಸ್ತಿ ತೆರಿಗೆ ಮತ್ತು ನೀರಿನ ಬಾಕಿ ಕಟ್ಟುವುದು ಯಾರ ಹೊಣೆ ಎಂಬುದು ಕ್ರಯದ ಕರಾರಿನಲ್ಲಿ ಇರಲಿ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಿದ್ದರೆ ಶೇ. 1ರಷ್ಟನ್ನು ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಎಂದು ಕಡಿದು ಮಾಲೀಕರ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವ ಜವಾಬ್ದಾರಿ ನಿಮ್ಮದು. ನೋಂದಣಿಯ ದಿನ ಹಣ ಕಡಿಮೆ ಬಂತೆಂಬ ತಕರಾರು ಏಳದಂತೆ ಇದನ್ನು ಬೆಲೆ ನಿಗದಿಯಾಗುವ ಹೊತ್ತಿಗೇ ಅವರಿಗೆ ತಿಳಿಸಿಬಿಡಿ. ಮಾಲೀಕರು ವಿದೇಶದಲ್ಲಿ ನೆಲೆಸಿದ ಅನಿವಾಸಿಯಾಗಿದ್ದರೆ ಕಡಿತದ ನಿಯಮ ಬೇರೆಯೇ ಇದೆ, ಮೊತ್ತವೂ ಬಹಳ ಹೆಚ್ಚು. ಅಂಥ ಸಂದರ್ಭದಲ್ಲಿ ಅಡ್ವಾನ್ಸ್ ಕೊಡುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಬೇಕು.