ಜಮಾಬಂದಿಗೆ ಹೋಗೋ ಮುಂಚೆ ಟೇಪ್ ಹಿಡೀರಿ

ನಮ್ಮ ಶ್ರೀನಿವಾಸಪುರದ ಕಡೆ ಗ್ರಾಮಸಭೆ ಅಂದ್ರೆ ಒಂದಷ್ಟು ಕೂಗಾಟ, ಆಮೇಲೆ ಟೀ, ಸಹಿ, ಮುಗೀತು. ಕೂಗಿದ್ರೆ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಾಹೇಬ್ರು "ನೋಡೋಣ" ಅಂತಾರೆ, ಅದೇ ಕಾಗದ ಹಿಡ್ಕೊಂಡು ಕೇಳಿದ್ರೆ ಮಾತೇ ಬೇರೆ. ಅದಕ್ಕೆ ತಕ್ಕ ಜಾಗ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯ್ತಿಯ ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲಾ ಜನರ ಮುಂದೆ ಇಡ್ಬೇಕು. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ನಡೆಯೋದೇ ಗೊತ್ತಿಲ್ಲ, ನೋಟೀಸ್ ಬೋರ್ಡ್ ಮೇಲೆ ಕಣ್ಣಿಟ್ಟಿರಿ.

ಆ ಕಾಗದ ಕೈಗೆ ಸಿಗ್ಬೇಕಂದ್ರೆ ಮಾವಿನ ಸೀಸನ್ ಮುಗಿಯೋ ಹೊತ್ತಿಗೇ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕ್ಬಿಡಿ, ಯಾಕಂದ್ರೆ ಉತ್ತರ ಕೊಡೋಕೆ ಅವ್ರಿಗೆ 30 ದಿನ ಟೈಮ್ ಐತೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡ್ ಇದ್ರೆ ಅದರ ಜೆರಾಕ್ಸ್ ಹಾಕಿ, ಫೀಸಿಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಅಷ್ಟೇ, ಹಂಗಾಗಿ ಊರಿನ ಪುರಾಣ ಬೇಡ. "ಯಾಕೆ ಸರಿಯಾಗಿ ಮಾಡಿಲ್ಲ" ಅಂತ ಬರೀಬೇಡಿ, ಅದು ಮಾಹಿತಿನೇ ಅಲ್ಲ ಅಂತ ವಾಪಸ್ ಕಳಿಸ್ತಾರೆ. "ಇಂಥ ಬೀದಿ ಚರಂಡಿಯ ಎಸ್ಟಿಮೇಟ್, ಎಂಬಿ ಪುಸ್ತಕದ ಪುಟ, ಬಿಲ್ಲು, ದೃಢೀಕೃತ ನಕಲು ಕೊಡಿ" ಅಂತ ಕೇಳಿ. ಉತ್ತರ ಬರ್ಲಿಲ್ಲ ಅಂದ್ರೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಮಾಹಿತಿ ಆಯೋಗ.

ಎಂಬಿ ಅಂದ್ರೆ ಅಳತೆ ಪುಸ್ತಕ, ಜೆಇ (ಜೂನಿಯರ್ ಇಂಜಿನಿಯರ್) ಬಂದು ಉದ್ದ, ಅಗಲ, ಆಳ ಬರೆಯೋದು ಅದ್ರಲ್ಲೇ, ಬಿಲ್ಲು ಪಾಸಾಗೋದೂ ಅದನ್ನ ನೋಡೇ. ಅಸಲಿ ಕೆಲ್ಸ ಇಲ್ಲೇ ಇರೋದು. ನಕಲು ಸಿಕ್ಕಿದ ತಕ್ಷಣ ಬಟ್ಟೆ ಟೇಪಲ್ಲ, ಗಾರೆ ಕೆಲಸದವ್ರ ಉದ್ದದ ಟೇಪ್ ಇಸ್ಕೊಂಡು, ಜೊತೆಗೆ ಇಬ್ರನ್ನ ಕರ್ಕೊಂಡು ನೀವೇ ಅಳೀರಿ. ನಮ್ಮ ಬೀದಿ ಚರಂಡಿ ಪುಸ್ತಕದಲ್ಲಿ 80 ಮೀಟರ್ ಅಂತಿತ್ತು, ಟೇಪ್ 62ಕ್ಕೇ ನಿಂತೋಯ್ತು, ಅಲ್ಲಿಂದಾಚೆ ಹುಣಸೆ ಮರ, ತಿಪ್ಪೆ. ಫೋಟೋ ತೆಗ್ದ್ವಿ, ಟೇಪಿನ ನಂಬರ್ ಕಾಣೋ ಹಂಗೆ.

ಜಮಾಬಂದಿ ದಿನ ಬಾಯಲ್ಲಿ ಹೇಳೋದು ಆಮೇಲೆ, ಮೊದ್ಲು ದೂರನ್ನ ಎರಡು ಪ್ರತಿ ಬರ್ಕೊಂಡೋಗಿ, ಒಂದನ್ನ ಕೊಟ್ಟು ಇನ್ನೊಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸ್ಕೊಳ್ಳಿ. ಬಂದಿರೋ ಅಧಿಕಾರಿಗೆ "ಇದನ್ನ ನಡಾವಳಿ ಪುಸ್ತಕದಲ್ಲಿ ಬರ್ಸಿ ಸಾರ್" ಅಂತ ಅಲ್ಲೇ ನಿಂತು ಬರೆಸಿ, ಎದ್ದೋಗ್ಬೇಡಿ. ನಾವು ಹಂಗೇ ನಿಂತ್ಕೊಂಡ್ವಿ, ಮುಂದಿನ ವಾರ ಜೆಇ ಬಂದು ಟೇಪಿನ ಇನ್ನೊಂದು ತುದಿ ಅವ್ರೇ ಹಿಡ್ಕೊಂಡ್ರು.